ಮಂಡಕ್ಕಿ ಚೀಲದಲ್ಲಿ ಮೂರು ಚೆಂಡು

ಪುಷ್ಯದ ಚಳಿಗೆ ಗಾಲ್ಫ್ ಚೆಂಡು
ಕಲ್ಲಾಗುತ್ತದೆ.
ನಂಬಬೇಕು ನೀವು. ಮೂವತ್ತೊಂದು ವರ್ಷ
ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ
ಲಾರಿ ಟೈರಿಗೆ ರೀಟ್ರೆಡ್ ಹಾಕಿದವನು ನಾನು,
ರಬ್ಬರಿನ ಮನಸ್ಸು ಗೊತ್ತು:
ಬಿಸಿಯಿದ್ದರೆ ಹೇಳಿದಂತೆ ಕೇಳುತ್ತದೆ,
ತಣ್ಣಗಾದರೆ ಬೀಗರ ಹಾಗೆ
ಬಿಗಿದುಕೊಂಡು ಕೂರುತ್ತದೆ.

ಬೇಸಿಗೆಯಲ್ಲಿ ನೂರೈವತ್ತು ಗಜ ಹೋಗುವ ಹೊಡೆತ
ಈಗ ನೂರಿಪ್ಪತ್ತಕ್ಕೇ ಬಿದ್ದು
ಒಂದು ಸಲ ಕೆಮ್ಮಿದ ಹಾಗೆ ಪುಟಿದು
ನಿಂತುಬಿಡುತ್ತದೆ.
ಅದರ ನಡುಕ ಕೋಲಿನಗುಂಟ ಹತ್ತಿ
ಮೊಣಕೈ ದಾಟಿ
ಕಟ್ಟಿಸಿದ ಹಲ್ಲಿನ ತನಕ ಬರುತ್ತದೆ.

ಮುಚ್ಚಿದ ಹತ್ತಿ ಗಿರಣಿಯ ಹಿಂದಿನ ಬಯಲು ನಮ್ಮದು.
ನಮ್ಮದೆಂದರೆ ಯಾರದೂ ಅಲ್ಲ,
ಕೋರ್ಟಿನಲ್ಲಿದೆ.
ಗಿರಣಿಯ ಕ್ಲಬ್ಬು ಗುಜರಿಗೆ ಬಂದ ದಿನ
ತೂಕಕ್ಕೆ ಕೊಂಡೆ ಹನ್ನೊಂದು ಕೋಲು,
ಕೆ.ಜಿ.ಗೆ ಇಪ್ಪತ್ತೆರಡು ರೂಪಾಯಿ.
ಕುಳಿ ಐದು. ಐದನೆಯದನ್ನು ಗೊದ್ದ ಹಿಡಿದಿವೆ,
ನಾಲ್ಕೇ ಆಡುತ್ತೇವೆ.

ಆರೂಕಾಲಿಗೆ ಬರುತ್ತಾನೆ ಬುಡೇನ್‌ಸಾಬ್,
ಮಫ್ಲರಿನೊಳಗೆ ಬರೀ ಮೂಗು.
ರಾತ್ರಿಯೆಲ್ಲ ಭಟ್ಟಿಯ ಮುಂದೆ ನಿಂತವನಿಗೆ
ಹೊರಗಿನ ಚಳಿ ಎರಡು ಪಟ್ಟು.
ಕಂಕುಳಲ್ಲಿ ಒಂದು ಚೀಲ,
ಆಗಷ್ಟೇ ಹುರಿದ ಮಂಡಕ್ಕಿ,
ಅದರ ಹೊಟ್ಟೆಯಲ್ಲಿ ಹೂತಿಟ್ಟ ಮೂರು ಚೆಂಡು.
'ತಗೋರಿ, ಜವಾರಿ ಕೋಳಿ ಮೊಟ್ಟೆ' ಅನ್ನುತ್ತಾನೆ.
ಅಂಗೈಗೆ ಬಂದರೆ ಹೌದು, ಈಗಷ್ಟೇ
ಯಾವುದೋ ಕೋಳಿ ಎದ್ದು ಹೋದಷ್ಟು ಬೆಚ್ಚಗೆ.
ಹೊಡೆಯುವ ಮನಸ್ಸೇ ಆಗದು ಒಂದು ಗಳಿಗೆ,
ಇಬ್ಬರೂ ಸುಮ್ಮನೆ ಹಿಡಿದು ನಿಲ್ಲುತ್ತೇವೆ.

ಕೊಟ್ರಮ್ಮ ಟೀಚರ್ ಮಾತ್ರ ಮುಟ್ಟುವುದಿಲ್ಲ.
ಹೈಸ್ಕೂಲು ಹುಡುಗಿಯರಿಗೆ ಖೋಖೋ ಕಲಿಸಿ ನಿವೃತ್ತರಾದವರು,
ಕೊರಳಲ್ಲಿ ಇನ್ನೂ ಸೀಟಿ.
'ಬೆಚ್ಚಗಿನ ಚೆಂಡು ಮೋಸ ರೀ' ಎಂದು
ತಮ್ಮ ತಣ್ಣನೆಯದನ್ನೇ ಸೆರಗಿಗೆ ಒರೆಸಿ
ಗಿಡ್ಡ ಹೊಡೆತ, ನೆಟ್ಟಗೆ.
ದಿನಾ ಒಂದು ಚೆಂಡು ಮಂಡಕ್ಕಿಯಲ್ಲೇ ಆರುತ್ತದೆ.

ಭದ್ರಾ ಚಾನಲ್ಲಿನಿಂದ ಮಂಜು ಎದ್ದು ಬಂದು
ಕುಳಿಯ ಬಾವುಟ ನುಂಗಿದ ಬೆಳಗು ಅದು.
ನನ್ನ ಚೆಂಡು ಜಾಲಿಯ ಬುಡದಲ್ಲಿ.
ಮುಳ್ಳು. ಬಗ್ಗಿದರೆ ಸೊಂಟ.
ಮಂಜಿನಲ್ಲಿ ಯಾರಿಗೂ ಕಾಣದೆಂದು
ಬೂಟಿನ ತುದಿಯಿಂದ, ಮೆಲ್ಲಗೆ,
ಒಂದು ಗೇಣು (ಸರಿ, ಎರಡು ಮಾರು)
ಈಚೆಗೆ ತಳ್ಳಿದೆ.

ಬೇಸಿಗೆಯ ನೆಲ ಇಂಥದ್ದಕ್ಕೆಲ್ಲ ಒಳ್ಳೆಯದು,
ಏನನ್ನೂ ನೆನಪಿಡುವುದಿಲ್ಲ.
ಇಬ್ಬನಿ ಹಾಗಲ್ಲ.
ಬೆಳ್ಳಗಾದ ಹುಲ್ಲಿನ ಮೇಲೆ ಹಸಿರು ಗೆರೆ ಎಳೆದು
ಚೆಂಡು ಬಂದ ದಾರಿ, ಅದರ ಪಕ್ಕ ನನ್ನ ಬೂಟು,
ಬೂಟು ಎಡವಿದ ಹಾಗೆ ನಟಿಸಿದ ಜಾಗ,
ಎಲ್ಲ ಬರೆದಿಟ್ಟಿತ್ತು.
ತಾಲ್ಲೂಕು ಕಚೇರಿಯ ಶಿರಸ್ತೇದಾರನೂ
ಅಷ್ಟು ಸ್ಪಷ್ಟ ಬರೆಯಲಾರ.

ಮಂಜು ತೆಳುವಾಯಿತು.
ಟೀಚರ್ ಬಂದು ಆ ಗೆರೆಯ ತಲೆಯಲ್ಲಿ ನಿಂತರು.
ನೋಡಿದರು. ಬೆರಳಿಗೆ ಬಾಯುಸಿರು ಊದಿಕೊಂಡರು.
ಸೀಟಿಗಾಗಿ ಕಾದೆ.
'ಚಳಿಗೆ ಪೆನ್ನು ಬರೀವಲ್ದು' ಅಂದರು,
'ಬಿಸಿಲು ಬರ್ಲಿ, ಆಮೇಲೆ ಲೆಕ್ಕ.'

ಫ್ಲಾಸ್ಕಿನ ಮುಚ್ಚಳದಲ್ಲಿ ಸರದಿಯಂತೆ ಚಹಾ.
ಗಿರಣಿಯ ಚಿಮಣಿ ಬಯಲ ಮೇಲೆ ಉದ್ದಕ್ಕೆ ಮಲಗಿತ್ತು,
ಅದರ ನೆರಳು ಸರಿದಲ್ಲೆಲ್ಲ ಬಿಳುಪು ಆರುತ್ತ ಬಂತು:
ಮೊದಲು ಅವರ ನೆಟ್ಟ ಗೆರೆ,
ಬುಡೇನನ ಅಂಕುಡೊಂಕು,
ಕೊನೆಗೆ ನನ್ನದು.
ಈಗ ಬರೀ ಹುಲ್ಲು. ಯಾರು ಬಂದು ಹುಡುಕಿದರೂ ಹುಲ್ಲು.

'ಹ್ಞೂಂ, ಎಷ್ಟು?' ಅಂದರು, ಆ ಕಡೆ ನೋಡದೆ.

ಆರು ಎನ್ನಲು ಬಾಯಿ ತೆರೆದೆ.
ಉಸಿರು ಇನ್ನೂ ಹೊಗೆಯಾಗಿ
ಎಲ್ಲರಿಗೂ ಕಾಣುತ್ತಿತ್ತು.
ಎಂಟು ಅಂದೆ.

ಎಂಟು ಬರೆದುಕೊಂಡು
ಚೀಲಕ್ಕೆ ಕೈ ಹಾಕಿದರು ಟೀಚರ್.
ಬುಡೇನ್‌ಸಾಬ್ ನನ್ನ ಮುಖ ನೋಡಿದ.
ಮೂರನೆಯ ಚೆಂಡು, ಇಷ್ಟು ಹೊತ್ತಿಗೆ
ಅರ್ಧ ಬಿಸಿಯೂ ಉಳಿದಿರಲಿಲ್ಲ;
ಅದನ್ನು ಸ್ವೆಟರಿನ ಜೇಬಿಗೆ ಇಳಿಸಿ
ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು
'ಉಪ್ಪು ಕಮ್ಮಿ' ಅಂದರು.