ಮೂರು ಪೊಟ್ಟಣ ಬಿಸ್ಕತ್ತು

ಕಿಟಾಲೆಯ ಸಂತೆಯ ಹಿಂದೆ, ತಗಡು ಬಡಿಯುವವರ ಸಾಲಿನಲ್ಲಿ
ಅವ್ವ ಚೌಕಾಸಿ ಮಾಡಿ ಕೊಂಡ ಪೆಟ್ಟಿಗೆ.
ನೀಲಿ ಬಣ್ಣ. ಮುಚ್ಚಳದ ಮೇಲೆ ಬಿಳಿಯಲ್ಲಿ ನನ್ನ ಹೆಸರು,
ಜೆಲಗಾಟ್ ಎಂಬುದರಲ್ಲಿ ಒಂದಕ್ಷರ ಕಮ್ಮಿ.
ತಿದ್ದಲು ಇನ್ನೂ ಇಪ್ಪತ್ತು ಶಿಲಿಂಗ್ ಕೇಳಿದ.
ಬೇಡ, ಅಂದಳು ಅವ್ವ, ನೀನು ಯಾರೆಂದು ನಿನಗೆ ಗೊತ್ತಲ್ಲ.

ಬೀಗದ ಕೈ ಬೂಟಿನ ದಾರಕ್ಕೆ ಪೋಣಿಸಿ ಕೊರಳಿಗೆ.
ಡಾರ್ಮಿಟರಿಯಲ್ಲಿ ನಲವತ್ತು ಹುಡುಗಿಯರು;
ಬಗ್ಗಿ ನೆಲ ಒರೆಸುವಾಗ ನಲವತ್ತು ಕೊರಳಲ್ಲೂ ಕಿಣಿಕಿಣಿ.

ಅಲ್ಲಿ ಸ್ನೇಹವೆಂದರೆ ಪೆಟ್ಟಿಗೆ ತೆರೆಯುವ ಹೊತ್ತು.
ಮೊರಾ ಕಡಲೆಬೆಣ್ಣೆಯ ಡಬ್ಬಿ ತೆಗೆದರೆ
ಅಕೆಯೊ ಚಹಾದ ಹೊತ್ತಿನಲ್ಲಿ ಉಳಿಸಿದ ಬ್ರೆಡ್ಡಿನ ಅಂಚು ತರುತ್ತಾಳೆ,
ಕಥಾಂಬಿ ಸಕ್ಕರೆ,
ಇನ್ನೊಬ್ಬಳು ಗಂಡುಹುಡುಗರ ಶಾಲೆಯಿಂದ ಬಂದ ಕಾಗದ.
ಅದನ್ನು ಎಲ್ಲರೂ ಓದಬೇಕು, ಅವನ ಕಾಗುಣಿತಕ್ಕೆ ನಗಬೇಕು,
ಅವಳ ಮುಖ ನೋಡಬಾರದು.
ತಂದವರಿಗೆ ಮಂಚದ ಮೇಲೆ ಜಾಗ.
ತರದವರಿಗೆ ಮಂಚದ ಕಾಲ ಬಳಿ,
ಅದೂ ನಗಿಸಲು ಬಂದರೆ.

ನನಗೆ ನಗಿಸಲು ಬರುತ್ತಿರಲಿಲ್ಲ.
ಬರುತ್ತಿದ್ದದ್ದು ಒಂದೇ: ಬೀಗ ಹಾಕುವುದು.
ಒಂದು ಸೋಪಿನ ತುಂಡು, ಒಂದು ಲಂಗ,
ಮೊದಲ ವಾರಕ್ಕೇ ಬರಿದಾದ ಹುರಿದ ಜೋಳದ ಚೀಲ,
ಉಳಿದದ್ದು ಗಾಳಿ.
ಎತ್ತಿದರೆ ಖಾಲಿ ತಗಡು ಢಣ್ ಎಂದೀತೆಂದು
ಬಟ್ಟೆ ಒಗೆಯುವ ಕಟ್ಟೆಯ ಹಿಂದಿನಿಂದ ಒಂದು ಕಲ್ಲು ತಂದು
ಸ್ವೆಟರಿನಲ್ಲಿ ಸುತ್ತಿ ಮಲಗಿಸಿದ್ದೆ.
ಶನಿವಾರ ಪೆಟ್ಟಿಗೆ ಸರಿಸಿ ಗುಡಿಸುವಾಗ
"ಅಬ್ಬಾ, ಏನಿಟ್ಟಿದ್ದೀಯೇ ಇದರಲ್ಲಿ!" ಎಂದು ಮೊರಾ ಏದುಸಿರುಬಿಟ್ಟಳು.
ಆ ದಿನವೆಲ್ಲ ನನಗೆ ಉಂಡ ಹಾಗೆ ಇತ್ತು.

ಎರಡನೆಯ ಟರ್ಮಿನ ನಡುವೆ ಕಥಾಂಬಿಯ ಸಕ್ಕರೆ ಕಳುವಾಯಿತು.
ಪೂರಾ ಎರಡು ಕಿಲೊ.
ಪ್ರಿಫೆಕ್ಟ್ ನೆಕೆಸಾ ಟಾರ್ಚು ಹಿಡಿದು ಬಂದಳು,
ಸಾಲಾಗಿ ನಿಲ್ಲಿಸಿದಳು, ಪೆಟ್ಟಿಗೆಗೊಂದು ಹುಡುಗಿ.
ಒಂದೊಂದೇ ಮುಚ್ಚಳ. ಒಂದೊಂದೇ ಮನೆಯ ವಾಸನೆ:
ಒಣಮೀನು, ತುಪ್ಪ, ಯಾರದೋ ಅಜ್ಜಿಯ ಮುಲಾಮು.
ನನ್ನ ಬೀಗಕ್ಕೆ ನನ್ನದೇ ಕೈ ಮೂರು ಸಲ ತಪ್ಪಿತು.

ಬೆನ್ನ ಹಿಂದೆ ಇಣುಕುವ ಕತ್ತುಗಳು.
ನೆಕೆಸಾ ಮುಚ್ಚಳವನ್ನು ಒಂದು ಗೇಣು ಎತ್ತಿದಳು, ಅಷ್ಟೇ.
ಟಾರ್ಚು ಒಳಗೆ ಹೋಯಿತು.
ಸ್ವೆಟರಿನ ತೋಳು ಜಾರಿ ಕಲ್ಲಿನ ತಲೆ ಕಾಣುತ್ತಿತ್ತು,
ಬಟ್ಟೆ ಸರಿದ ಕೂಸಿನ ಹಾಗೆ.
ಎಷ್ಟು ಹೊತ್ತೋ.
"ಸಕ್ಕರೆ ಇಲ್ಲ," ಎಂದಳು. ಆಮೇಲೆ, ಯಾಕೋ ಗಟ್ಟಿಯಾಗಿ:
"ಮೂರು ಪೊಟ್ಟಣ ಬಿಸ್ಕತ್ತು. ಚಾಕೊಲೇಟ್ ಪುಡಿ. ಮುಂದಿನವಳು."
ಮುಚ್ಚಿದಳು.

ಕೃತಜ್ಞತೆಗೆ ಒಂದು ರಾತ್ರಿಯ ಪುರಸೊತ್ತೂ ಸಿಗಲಿಲ್ಲ.
ದೀಪ ಆರುವ ಮೊದಲೇ ಅಕೆಯೊ ಬಂದು ಕಾಲ ಬುಡದಲ್ಲಿ ಕೂತಳು:
ಅರ್ಧ ಸಾಕು ಕಣೇ.
ಮರುದಿನ ಮೊರಾ: ನನ್ನ ಡಬ್ಬಿ ನೆಕ್ಕುವಾಗ ನಾಲಿಗೆ ಇತ್ತಲ್ಲ?
ವಾರದೊಳಗೆ ಹೆಸರು ಬಿತ್ತು: ಬೆಂಕಿ.
ನಮ್ಮ ಸ್ವಾಹಿಲಿಯಲ್ಲಿ ಹಾಗೆಂದರೆ ಬ್ಯಾಂಕು,
ಒಳಗೆ ಹೋದದ್ದು ಹೊರಬಾರದ ಜಾಗ.
ಗಿಥೇರಿಯ ಕಾಳು ಎಣಿಸಿ ತಿಂದು ಮಲಗಿದ ರಾತ್ರಿ
ಆ ಹೆಸರು ಹೊಟ್ಟೆಯೊಳಗಿಂದಲೂ ಕರೆಯುತ್ತಿತ್ತು.

ಹೇಳಬಹುದಿತ್ತು.
ಮುಚ್ಚಳ ತೆರೆದಿಟ್ಟು, ನೋಡಿ, ಕಲ್ಲು, ಅನ್ನಬಹುದಿತ್ತು.
ಆದರೆ ಜಿಪುಣಿಯ ಜತೆ ಜಗಳವಾಡುತ್ತಾರೆ,
ಬಡವಿಗೆ ಕೊಡುತ್ತಾರೆ.
ಹದಿನಾಲ್ಕರ ವಯಸ್ಸಿಗೆ ಜಗಳವೇ ರುಚಿ.
ನಾಲ್ಕು ವರ್ಷ ಜಿಪುಣಿಯಾಗಿದ್ದೆ, ಚೆನ್ನಾಗಿಯೇ.
ಸಕ್ಕರೆ ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.
ನೆಕೆಸಾ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ,
ಈ ಹೆಸರೂ ಇಲ್ಲ, ಆ ಹೆಸರೂ ಇಲ್ಲ.

ಕಳೆದ ಡಿಸೆಂಬರಿನಲ್ಲಿ ಕಿಸುಮುವಿನಲ್ಲಿ ಅಕೆಯೊಳ ಮಗಳ ಮದುವೆ.
ಸರೋವರದ ದಂಡೆ, ಬಿಳಿ ಡೇರೆ,
ಅದರ ಕೆಳಗೆ ಮೊಣಕಾಲು ನೋವಿನ ಹುಡುಗಿಯರು.
"ಬೆಂಕಿ! ಇವತ್ತಾದರೂ ಪೆಟ್ಟಿಗೆ ತೆರೆಯೇ!"
ಎಲ್ಲರೂ ನಕ್ಕರು. ನಾನೂ, ಕೊರಳು ಮುಟ್ಟಿ ನೋಡಿಕೊಂಡು.
ಎರಡು ಮೇಜಿನಾಚೆ ನೆಕೆಸಾ, ಈಗ ಕನ್ನಡಕ,
ತಟ್ಟೆಯಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದಳು
ತಲೆಯೆತ್ತದೆ,
ಬಹಳ ಹೊತ್ತು, ಒಂದೇ ಮೀನಿನದು.