ಹೆಬ್ಬೆಟ್ಟು

ಖೈರೂನ್‌ಬಿ, ವಯಸ್ಸು ನಲವತ್ತೆರಡು, ಸುಟ್ಟಗಾಯದ ವಾರ್ಡು.
ಮಂಡಕ್ಕಿ ಭಟ್ಟಿಯ ಕಾದ ಮರಳನ್ನು
ಮೊಣಕೈವರೆಗೆ ಚೆಲ್ಲಿಕೊಂಡು ಬಂದವಳು.
ಹತ್ತನೇ ದಿನಕ್ಕೆ ಬ್ಯಾಂಡೇಜಿಗೆ ಹಸಿರು ಇಳಿದಿತ್ತು,
ಮಾಗಿದ ದ್ರಾಕ್ಷಿಯ ವಾಸನೆ.
ಪ್ಲೇಟಿನ ಮುಚ್ಚಳ ತೆಗೆದರೆ ನನ್ನ ಬೆಂಚಿಗೂ ಅದೇ:
ಸ್ಯೂಡೊಮೊನಾಸ್. ಇಷ್ಟು ಚೆಂದದ ವಾಸನೆಯನ್ನು
ಇಷ್ಟು ಕೆಟ್ಟದ್ದಕ್ಕೆ ಯಾಕೆ ಕೊಟ್ಟನೋ ದೇವರು.

ಮೀಟಿಂಗಿನಲ್ಲಿ ಕಾಫಿಗಿಂತ ಮೊದಲೇ ತೀರ್ಪು ಬಂತು:
"ಆ ಏರಿಯಾದ ಚರಂಡಿ ನೋಡಿದ್ದೀರಾ?
ಅಲ್ಲಿಂದಾನೇ ತಂದಿರ್ತಾಳೆ."
ನಾನೇನೂ ಅನ್ನಲಿಲ್ಲ. ಬಾಟಲಿ ತಗೊಂಡು ಹೊರಟೆ.

ಭಟ್ಟಿ ಸಾಲಿನ ಚರಂಡಿ, ಕುಂದುವಾಡ ಕೆರೆಯ ಅಂಚು,
ಅವಳ ಮನೆಯ ಹಂಡೆ
(ಮಗಳು ಹಲೀಮಾ ಲೋಟ ತೊಳೆದು ಚಹಾ ಕೊಟ್ಟಳು, ಕುಡಿದೆ),
ಆಮೇಲೆ, ಯಾರೂ ಹೇಳದಿದ್ದರೂ,
ಡ್ರೆಸ್ಸಿಂಗ್ ಟ್ರಾಲಿ, ವಾರ್ಡಿನ ಸಿಂಕು, ನಲ್ಲಿಯ ಬಾಯಿ.

ಡಿಎನ್‌ಎ ಕತ್ತರಿಸಿ ಜೆಲ್ಲಿನ ಗುಣಿಗಳಲ್ಲಿ ಕೂರಿಸಿ
ಕರೆಂಟು ಹರಿಸಿ ಕಾದೆ. ಇಪ್ಪತ್ತು ಗಂಟೆ.
ನಡುರಾತ್ರಿ ಲೈನು ಹೋಗಿ ಯುಪಿಎಸ್ ಕೀರಿದಾಗ
ಮನೆದೇವರಿಗೊಂದು ಕಾಯಿ ಹೇಳಿಕೊಂಡೆ,
ವಿಜ್ಞಾನ ಓದಿದವಳು.

ಬೆಳಗ್ಗೆ ನೇರಳೆ ಬೆಳಕಿನಡಿ ಪಟ್ಟಿಗಳು ಎದ್ದವು,
ಭಟ್ಟಿಯ ಸಂದಿಯಲ್ಲಿ ಇಣುಕುವ ಕೆಂಡದ ಹಾಗೆ.
ಚರಂಡಿಯದು ಬೇರೆ ಕುಲ. ಕೆರೆಯದು ಬೇರೆ.
ಹಂಡೆಯಲ್ಲಿ ಏನೂ ಬೆಳೆದೇ ಇರಲಿಲ್ಲ.
ಅವಳ ಗಾಯ, ನಾವು ದಿನಾ ಕೈ ತೊಳೆವ ಸಿಂಕು:
ಪಟ್ಟಿಗೆ ಪಟ್ಟಿ,
ಕೂದಲೆಳೆಯಷ್ಟೂ ಆಚೀಚೆ ಇಲ್ಲ.

ಒಂದೇ ಅನ್ನುತ್ತದೆ ಜೆಲ್ಲು, ಅಷ್ಟೇ.
ಯಾರಿಂದ ಯಾರಿಗೆ ಅನ್ನುವುದಿಲ್ಲ.
ಅವಳು ಬರುವ ಮುಂಚಿನ ತಿಂಗಳು
ಅದೇ ಸಿಂಕಿನಿಂದ ಒರೆಸಿಟ್ಟದ್ದು ಫ್ರೀಜರಿನ ಮೂಲೆಯಲ್ಲಿತ್ತು.
ಅದನ್ನೂ ಓಡಿಸಿದೆ.
ಅದೂ ಅದೇ.

ವರದಿ ಯಾವ ಮೇಜಿನ ಮೇಲೆ ಮಲಗಿದೆಯೋ.
ಸಿಂಕು ಮಾತ್ರ ಒಂದು ಭಾನುವಾರ, ಸದ್ದಿಲ್ಲದೆ, ಬದಲಾಯಿತು.

ಡಿಸ್ಚಾರ್ಜಿನ ದಿನ ಕೌಂಟರಿನ ಯಂತ್ರಕ್ಕೆ ಹೆಬ್ಬೆರಳಿಟ್ಟಳು.
"ಬರ್ತಿಲ್ಲ, ಒರೆಸಿ ಇಡಮ್ಮ."
ಸೆರಗಿಗೆ ಒರೆಸಿದಳು. ಊದಿದಳು. ಮತ್ತೆ ಇಟ್ಟಳು.
ಇಪ್ಪತ್ತು ವರ್ಷದ ಮರಳು
ಗೆರೆಗಳನ್ನೆಲ್ಲ ಹುರಿದು ಮುಗಿಸಿತ್ತು.
"ರೇಷನ್ ಅಂಗಡೀಲೂ ಹಿಂಗೇ," ನಕ್ಕಳು ನನ್ನ ಕಡೆ,
"ನಾನು ನಾನೇ ಅಂತ ಮಗಳು ಬಂದು ಹೇಳ್ಬೇಕು."

ಅವಳ ತೋಳು ತಿಂದದ್ದರ ಗುರುತು
ನನ್ನ ಬಳಿ ಭದ್ರವಾಗಿದೆ, ಮೈನಸ್ ಎಂಬತ್ತರಲ್ಲಿ,
ಎರಡು ಸೀಸೆ, ಮೇಲೆ ತಾರೀಖು.
ಯಂತ್ರ ಮತ್ತೊಮ್ಮೆ ಕೆಂಪಾಯಿತು.
ಹಲೀಮಾ ಮುಂದೆ ಬಂದು ತನ್ನ ಬೆರಳಿಟ್ಟಳು.