ಬಾಲ ಎಣಿಸಬೇಡ

ಇದ್ರಿಯ್ತ್ಸಾ ಹೊಳೆಯ ಕಲ್ಲು ಮಗುಚಿ
ಸೂಪಿನ ಬಿಳಿ ತಟ್ಟೆಗೆ ತೊಳೆದಳು ವ್ಲಾಸ್ತಾ.
ಚಪ್ಪಟೆ ಹುಳ, ಬೆನ್ನೆಲ್ಲ ಬೂದಿ.

"ಬಾಲ ಎಣಿಸಬೇಡ. ಮೂರಿರುತ್ತೆ, ನಿಜ;
ಒಂದು ಮುರಿದರೆ ಕಲ್ಲುನೊಣ ಅಂತೀಯ.
ಹೊಟ್ಟೆಯ ಪಕ್ಕ ನೋಡು,
ಎಲೆಯಂಥ ಕಿವಿರು, ನಡುಗುತ್ತಿದೆಯಲ್ಲ.
ಕಾಲ ತುದಿಗೆ ಒಂದೇ ಉಗುರು."

ನಡುಗುತ್ತಿದ್ದವು ಅವಳ ಬೆರಳೂ.
ಮೂವತ್ತು ವರ್ಷ ಪಾದರಸದ ಕುಲುಮೆ.
ಚಿಮಟ ತಾಗಿದ್ದೇ
ಒಂದು ಬಾಲ ಹೋಯಿತು.

ಹೆಗಲ ಮೇಲೆ ರೆಕ್ಕೆಯ ಮೊಗ್ಗು, ಮಸಿಗಪ್ಪು:
ಇವತ್ತೋ ನಾಳೆಯೋ.
"ಹಾರಿದ ಮೇಲೆ ಉಣ್ಣೋಕೆ ಬಾಯಿಲ್ಲ ಇದಕ್ಕೆ,"
ಎನ್ನುತ್ತಲೇ ತಟ್ಟೆಯನ್ನು ಹೊಳೆಗೆ ಬಾಗಿಸಿದಳು.

ಪಟ್ಟಿಯಲ್ಲಿ ಬರೆದೆ:
ಮೇನೊಣದ ಮರಿ, ಒಂದು. ಬಾಲ, ಎರಡು.
ಪೆನ್ಸಿಲು ಕಸಿದು, ವಾಲಾಡುವ ಗೀಟಿನಲ್ಲಿ
ಎರಡನ್ನು ಮೂರು ಮಾಡಿದಳು.